ಬೆರಳಿಗೆ ಸಿಗದ ಗೋಡೆ

ಜ್ವರ ಬಂದ ಮಗುವನ್ನು ವೈದ್ಯರ ಮುಂದೆ ಮಲಗಿಸುವ ಹಾಗೆ ಭಾವ ತನ್ನ ರೈಫಲನ್ನು ನಾದಿನಿಯ ಕೆಲಸದ ಮೇಜಿನ ಮೇಲೆ ಮಲಗಿಸಿದ. ಅವನ ತಂದೆಗಿಂತ ಹಿರಿಯ ರೈಫಲ್ ಅದು. ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದಲೇ ಎಳೆದು ತಳ್ಳಬೇಕು. ಹಿಡಿಯ ಮರ ಅಂಗೈ ಬೆವರು ಕುಡಿದೂ ಕುಡಿದೂ ಕಪ್ಪಾಗಿತ್ತು.

"ಟ್ರಿಗರ್ ಬದಲಾಯಿಸಮ್ಮ," ಎಂದ. "ಕಲ್ಲಿನ ಹಾಗಿದೆ. ಎಳೆಯೋದರಲ್ಲಿ ಕೈ ಅಲ್ಲಾಡುತ್ತೆ, ಗುಂಡು ತನ್ನಿಷ್ಟಕ್ಕೆ ಹೊರಟುಬಿಡುತ್ತೆ."

"ಇಷ್ಟು ವರ್ಷ ಹಗುರಾಗಿತ್ತಾ?"

"ಇಷ್ಟು ವರ್ಷ ನಿಮ್ಮಕ್ಕನೂ ಮೆತ್ತಗೇ ಮಾತಾಡ್ತಿದ್ಲು."

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಅಕ್ಕ ಹೊಲಿಗೆಯಿಂದ ತಲೆ ಎತ್ತಲಿಲ್ಲ. "ಮೆತ್ತಗೆ ಹೇಳಿದ್ದನ್ನ ನೀವು ಯಾವತ್ತು ಕೇಳಿದ್ದೀರಿ?"

ಭಾವ ಕಿಟಕಿಗಳಿಗೆ ಗಾಜು ಕೂರಿಸುವವನು. ವಾರವೆಲ್ಲ ಏಣಿಯ ಮೇಲೆ. ಭಾನುವಾರ ಬಂತೆಂದರೆ ಊರಾಚೆಯ ಗುರಿ ಮೈದಾನದಲ್ಲಿ. ಅಲ್ಲಿ ಈಚೆಗೆ ಎರಡು ಸಲ, ಗುರಿ ಕೂಡುವ ಮೊದಲೇ ಅವನ ರೈಫಲ್ ಸಿಡಿದು ಗುಂಡು ಮಣ್ಣಿಗೆ ಹೋಗಿತ್ತು. ಮೈದಾನದ ಮೇಲ್ವಿಚಾರಕ ದನಿ ಏರಿಸುವ ಮನುಷ್ಯನಲ್ಲ. "ಇನ್ನೊಂದು ಸಲ ಹೀಗಾದರೆ ಮತ್ತೆ ಸಾಲಿನಲ್ಲಿ ನಿಲ್ಲಬೇಡಿ," ಎಂದಷ್ಟೇ ಹೇಳಿದ್ದ. ಅಷ್ಟಕ್ಕೇ ಭಾವನ ನಿದ್ದೆ ಹಾರಿಹೋಗಿತ್ತು.

"ಅದೂ ಹೋಯ್ತು ಅಂದ್ರೆ ನನಗೆ ಉಳಿಯೋದೇನು, ಹೇಳು," ಎಂದ. ಈ ಮಾತಿನಲ್ಲಿ ತಮಾಷೆ ಇರಲಿಲ್ಲ.

ಬಂದೂಕು ರಿಪೇರಿಯ ಈ ಕೆಲಸವನ್ನು ನಾದಿನಿ ಕಲಿತದ್ದು ತನ್ನ ಅಪ್ಪನಿಂದ. ಮರದಿಂದ ಲೋಹವನ್ನು ಬಿಡಿಸಿ ಟ್ರಿಗರಿನ ಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಗುಂಡಿನ ಬೆನ್ನಿಗೆ ಬಡಿದು ಅದನ್ನು ಹಾರಿಸುವ ಸಿಡಿಮೊಳೆಯನ್ನು ಹಿಂದೆ ಹಿಡಿದು ನಿಲ್ಲಿಸುವ ಉಕ್ಕಿನ ಕೊಕ್ಕೆ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಟ್ರಿಗರ್ ಎಳೆದರೆ ಮೊದಲು ಸ್ವಲ್ಪ ದೂರ ಸಡಿಲವಾಗಿ ಬರುತ್ತದೆ, ಆಮೇಲೆ ಒಂದು ಕಡೆ ತಡೆದು ನಿಲ್ಲುತ್ತದೆ. ಆ ತಡೆಗೆ ಗುರಿಕಾರರು ಗೋಡೆ ಎನ್ನುತ್ತಾರೆ. ಗುರಿ ನೋಡುವುದು, ಉಸಿರು ಹಿಡಿಯುವುದು ಎಲ್ಲ ಆ ಗೋಡೆಗೆ ಒರಗಿಕೊಂಡೇ. ಅಲ್ಲಿಂದ ಮುಂದೆ ಕೂದಲೆಳೆಯಷ್ಟು ಒತ್ತಿದರೆ ಗುಂಡು ಹೋಯಿತು.

ಅವಳು ಹೊಸ ಟ್ರಿಗರ್ ಕೂರಿಸಿದಳು, ಕೊಕ್ಕೆಯ ಅಂಚನ್ನು ಕನ್ನಡಿಯ ಹಾಗೆ ನಯ ಮಾಡಿದಳು, ಸ್ಪ್ರಿಂಗನ್ನು ಹಗುರ ಮಾಡಿದಳು. ರೈಫಲಿನ ಹಿಂಬದಿಯನ್ನು ನೆಲದ ರಬ್ಬರಿಗೆ ಕುಕ್ಕಿ ನೋಡಿದಳು, ಬೋಲ್ಟನ್ನು ರಪ್ಪನೆ ಮುಚ್ಚಿ ನೋಡಿದಳು. ಕೊಕ್ಕೆ ಜಾರಲಿಲ್ಲ. ಕೊನೆಗೆ ಭಾವನನ್ನು ಕರೆದು ಖಾಲಿ ರೈಫಲ್ ಕೊಟ್ಟಳು.

"ಕಣ್ಣು ಮುಚ್ಚಿ ಎಳೀರಿ. ಗೋಡೆ ಸಿಕ್ಕಿದಾಗ ಹೇಳಿ."

ಅವನು ನಿಧಾನವಾಗಿ ಎಳೆದ. "ಗೋಡೆ," ಎಂದ. ಸರಿಯಾಗಿತ್ತು. ಮತ್ತೆ ಮಾಡಿಸಿದಳು. ಪ್ರತಿ ಸಲವೂ ಕರಾರುವಾಕ್ಕು.

"ಬೆಣ್ಣೆ, ಬೆಣ್ಣೆ!" ಎಂದು ಭಾವ ಹಿಗ್ಗಿದ. ಎಣ್ಣೆ ಹಾಕಿ ಒರೆಸಿ ಇಡುತ್ತೇನೆ, ನಾಳೆ ಬನ್ನಿ ಎಂದಳು.

ಭಾನುವಾರ ಇನ್ನೂ ಬಂದಿರಲಿಲ್ಲ, ಆದರೂ ಮರುದಿನ ಅವನು ಬಂದದ್ದು ಮೈದಾನದ ಪೂರ್ತಿ ಸಜ್ಜಿನಲ್ಲಿ. ದಪ್ಪ ಜಾಕೆಟ್, ಕುತ್ತಿಗೆಗೆ ಗುಂಡಿನ ಸದ್ದು ತಡೆಯುವ ಕಿವಿ ಮುಚ್ಚಳ.

"ಮದುವೆ ದಿನವೂ ಇಷ್ಟು ಸಿಂಗಾರ ಇರಲಿಲ್ಲ ಕಣೇ," ಎಂದಳು ಹಿಂದೆಯೇ ಬಂದ ಅಕ್ಕ.

"ಅವತ್ತು ಗುರಿ ಎದುರಿಗೇ ಕೂತಿತ್ತು, ಓಡಿಹೋಗೋ ಭಯ ಇರಲಿಲ್ಲ." ಅವನು ಗುಂಡಿನ ಗೂಡು ಖಾಲಿ ಇದೆಯೆಂದು ನೋಡಿದ. ಕಿವಿ ಮುಚ್ಚಳ ಹಾಕಿಕೊಂಡ. ಬರಿಗೋಡೆಯ ಕಡೆಗೆ ರೈಫಲ್ ಹಿಡಿದು, ಕಣ್ಣು ಮುಚ್ಚಿ, ಎಳೆಯತೊಡಗಿದ.

ಟಕ್ ಎಂದಿತು. ಸಿಡಿಮೊಳೆ ಹೋಗಿಯಾಗಿತ್ತು.

ಭಾವ ಇನ್ನೂ ಎಳೆಯುತ್ತಲೇ ಇದ್ದ. ಧ್ಯಾನಕ್ಕೆ ಕೂತವನ ಮುಖ. ಕಿವಿ ಮುಚ್ಚಿಕೊಂಡವರು ಮಾತಾಡುವ ಹಾಗೆ ದೊಡ್ಡ ದನಿಯಲ್ಲಿ, "ಗೋಡೆ ಇನ್ನೂ ಬಂದಿಲ್ಲ!" ಎಂದ.

ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಮ್ಮೆ ಎಂದು ನಾದಿನಿ ಸನ್ನೆ ಮಾಡಿದಳು. ಇನ್ನೊಮ್ಮೆಯೂ ಹಾಗೆಯೇ ಆಯಿತು.

ಆಗ ಅವಳಿಗೆ ಹೊಳೆಯಿತು. ಕೊಕ್ಕೆ ಗೋಡೆಗೆ ತಾಗುವಾಗ ಚಿಟಿಕೆಗಿಂತ ಸಣ್ಣ ಸದ್ದೊಂದು ಹುಟ್ಟುತ್ತದೆ. ಬಾಗಿಲು ಹಾಕಿದ ಈ ಕೋಣೆಯಲ್ಲಿ ಅದು ಕೇಳುತ್ತದೆ. ನಿನ್ನೆ ಭಾವ ಗೋಡೆಯನ್ನು ಹಿಡಿದದ್ದು ಬೆರಳಿನಿಂದಲ್ಲ, ಕಿವಿಯಿಂದ. ಟ್ರಿಗರನ್ನು ನಿಶ್ಶಬ್ದದಲ್ಲಿ ಪರೀಕ್ಷಿಸಬೇಕು ಎಂದು ಅಪ್ಪ ಕಲಿಸಿದ್ದ. ಅಪ್ಪನಿಗೂ ಹಾಗೆಯೇ ಕಲಿಸಿದ್ದರು. ಕಿವಿ ಮುಚ್ಚದೆ ಮೈದಾನದಲ್ಲಿ ಯಾರೂ ಗುಂಡು ಹಾರಿಸುವುದಿಲ್ಲ ಎಂಬುದು ಈ ಕೋಣೆಯೊಳಗೆ ಯಾರ ತಲೆಗೂ ಬಂದಿರಲಿಲ್ಲ.

ಅವಳು ಅವನ ಕಿವಿ ಮುಚ್ಚಳ ತೆಗೆದಳು. "ಬೆರಳು ಕೊಡಿ, ಭಾವ. ಆ ಕಡೆ ನೋಡಿ." ತೋರುಬೆರಳಿನ ತುದಿಗೆ ಉಕ್ಕು ಉಜ್ಜುವ ಅರದ ಚೂಪು ಮೂಲೆಯನ್ನು ಒತ್ತಿದಳು. "ಏನಾಗ್ತಿದೆ?"

"ಏನೂ ಇಲ್ಲ."

"ಬೆರಳನ್ನ ಗಾಜು ಕುಯ್ದಿದ್ದು ಮಾಯ್ತು ಅಂದ್ರಲ್ಲ!" ಎಂದಳು ಅಕ್ಕ.

"ಮಾಯ್ದಿದೆ, ಮಾರಾಯ್ತಿ. ನೋಡು, ಗಾಯ ಎಲ್ಲಿದೆ? ಸ್ಪರ್ಶ ಒಂದು ವಾಪಸ್ ಬರಲಿಲ್ಲ, ಅಷ್ಟೆ. ಹೇಳಿದ್ರೆ ಮೈದಾನದ ಆ ಮನುಷ್ಯ ನನ್ನ ಮೆಂಬರ್ ಕಾರ್ಡ್ ಕಿತ್ಕೊಳ್ತಾನೆ."

"ಹೇಳದಿದ್ರೆ ನೀವು ಯಾರದೋ ಪ್ರಾಣ ಕಿತ್ಕೊಳ್ತೀರಿ," ಎಂದಳು ನಾದಿನಿ. "ನಾನು ಟ್ರಿಗರನ್ನ ಬೆಣ್ಣೆ ಮಾಡಿ ಕೈಗೆ ಕೊಡ್ತಿದ್ದೆ." ಬೋಲ್ಟನ್ನು ಹೊರಗೆಳೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಬೋಲ್ಟ್ ಇಲ್ಲದ ರೈಫಲ್ ಬರಿಯ ಕೊಳವೆ.

"ಕೊಡಿಲ್ಲಿ. ಅದು ನನ್ನದು."

"ನಿಮ್ಮದೇ. ಕೊಡಲ್ಲ."

ಅವನ ಮುಖ ಕೆಂಪಾಯಿತು. ಹೆಂಡತಿಯ ಕಡೆ ತಿರುಗಿದ. ಅಲ್ಲಿಂದಲೂ ಬೆಂಬಲ ಬರಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತು ಎರಡೂ ಕೈ ತೊಡೆಯ ಮೇಲೆ ಬೋರಲು ಇಟ್ಟ. ನಾದಿನಿ ಬಗ್ಗಿ ಪಕ್ಕದ ಬೆರಳಿಗೆ ಅರದ ಮೂಲೆ ತಾಗಿಸಿದಳು.

"ಅಯ್ಯೋ! ಕೊಲ್ತೀಯೇನೇ?"

"ಇದು ಬದುಕಿದೆ," ಎಂದಳು.

ಇನ್ನು ಟ್ರಿಗರ್ ಎಳೆಯಬೇಕಾದ ಮಧ್ಯದ ಬೆರಳು ತೋರುಬೆರಳಿಗಿಂತ ತುಸು ಕೆಳಗೆ ಕೂರುತ್ತದೆ. ಅವಳು ಹೊಸ ಟ್ರಿಗರಿನ ತುದಿಯನ್ನು ಕಾಯಿಸಿ ಬಗ್ಗಿಸಿದಳು, ಸ್ಪ್ರಿಂಗನ್ನು ಮತ್ತೆ ಬಿಗಿ ಮಾಡಿದಳು. ಈ ಸಲ ಬೋಲ್ಟ್ ಹಾಕಿ, ಕಿವಿ ಮುಚ್ಚಿಸಿಯೇ ನೋಡಿದಳು. ಹಳೆಯ ಅಭ್ಯಾಸಕ್ಕೆ ತೋರುಬೆರಳು ತಾನಾಗಿ ಒಳಗೆ ನುಸುಳುತ್ತಿತ್ತು. ಅಕ್ಕ ಅದನ್ನು ಹಿಡಿಯ ಮರಕ್ಕೆ ಚಾಚಿಸಿ ಬಟ್ಟೆಪಟ್ಟಿ ಸುತ್ತಿದಳು. "ಹೀಗೆ ಕಟ್ಟಿಹಾಕೋ ಬುದ್ಧಿ ನನಗೆ ಮೊದಲೇ ಬರಬೇಕಿತ್ತು," ಎಂದಳು. ಯಾರೂ ನಗಲಿಲ್ಲ.

ಅವನು ಎಳೆದ. "ಗೋಡೆ," ಎಂದ. ಟಕ್ ಎಂಬ ಸದ್ದು ಆಮೇಲೆ ಬಂತು. ಅವಳು ಬೋಲ್ಟನ್ನು ತೆಗೆದು ಮತ್ತೆ ಜೇಬಿಗೆ ಸೇರಿಸಿದಳು.

"ಬೋಲ್ಟ್?"

"ಮೇಲ್ವಿಚಾರಕರಿಗೆ ಹೇಳಿದ ಮೇಲೆ. ನಾನೂ ಜೊತೆಗೆ ಬರ್ತೀನಿ."

ಭಾನುವಾರ ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದವರೆಲ್ಲ ಕೇಳುವಂತೆಯೇ ಭಾವ ಮೇಲ್ವಿಚಾರಕನಿಗೆ ಹೇಳಿದ. ಮೆತ್ತಗೆ ಹೇಳಲು ಹೋದರೆ ದನಿ ಒಡೆಯುತ್ತಿತ್ತು, ಅದಕ್ಕೆ. ಮೇಲ್ವಿಚಾರಕ ಬೆರಳನ್ನು ನೋಡಿದ, ಟ್ರಿಗರನ್ನು ನೋಡಿದ. ಬೈಯಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಕೈ ಚಾಚಿ ಕಾರ್ಡ್ ಇಸಿದುಕೊಂಡು ತನ್ನ ಅಂಗಿಯ ಜೇಬಿನಲ್ಲಿಟ್ಟ. ಹೊಸಬರು ಕಲಿಯುವ, ಸಾಲಿನ ಕೊನೆಯ ಜಾಗವನ್ನು ತೋರಿಸಿದ.

"ಒಂದೊಂದೇ ಗುಂಡು. ನಾನು ಹೇಳಿದಾಗ ಮಾತ್ರ. ನಾನು ಪಕ್ಕದಲ್ಲೇ ಇರ್ತೀನಿ."

ಭಾವ ಅಲ್ಲಿಗೆ ಹೋಗಿ ರೈಫಲ್ ಹಿಡಿದು ಬೋರಲು ಮಲಗಿದ. ನಾದಿನಿ ಬೋಲ್ಟ್ ಕೊಟ್ಟಳು. ಅಪ್ಪಣೆ ಬಂತು. ಅವನು ಬಹಳ ಹೊತ್ತು ತೆಗೆದುಕೊಂಡ. ಬೆರಳು ಗೋಡೆಗೆ ಒರಗಿ ನಿಂತಿದೆಯೆಂದು ಅವನ ಬೆನ್ನಿನಿಂದಲೇ ತಿಳಿಯುತ್ತಿತ್ತು. ಆಮೇಲೆ ಸಿಡಿಯಿತು.

ಮೇಲ್ವಿಚಾರಕ ದೂರದರ್ಶಕಕ್ಕೆ ಕಣ್ಣಿಟ್ಟ. "ಕಾಗದದ ಕೆಳಮೂಲೆ. ಗುರಿಯಿಂದ ಎಷ್ಟೋ ದೂರ."

"ಇರಲಿ ಬಿಡಿ," ಎಂದ ಭಾವ, ಕೆನ್ನೆಯನ್ನು ಮರದಿಂದ ಎತ್ತದೆ. "ಹೊಡೆದದ್ದು ನಾನೇ."

ಮೇಲ್ವಿಚಾರಕ ಇನ್ನೊಂದು ಗುಂಡನ್ನು ಅವನ ಮುಂದಿಟ್ಟ.