ಹುಲಿಗೆ ಹೊಡೆದವರು

ನಾನೊಂದು ಸೈಕಲ್. ಬಿಡಿಬಿಡಿಯಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಬಂದು ಚಾಮರಾಜನಗರದ ಅಂಗಡಿಯೊಂದರಲ್ಲಿ ಮೈ ಕೂಡಿಸಿಕೊಂಡೆ. ಕಣ್ಣು ಬಿಡುವಷ್ಟರಲ್ಲಿ ಗಿರಾಕಿಯೊಬ್ಬ ‘ಹೊಡೆದು ನೋಡಲಾ?’ ಎಂದ. ಅವನ ಹೆಂಡತಿ ‘ತುಳಿದು ನೋಡಿ’ ಎಂದಳು. ಮನುಷ್ಯರ ಮೇಲೆ ನನಗೆ ಅನುಮಾನ ಶುರುವಾದದ್ದು ಅಂದಿನಿಂದಲೇ.

ಆ ಗಿರಾಕಿ ಹಾಲು ಮಾರುವವನು. ದಿನಾ ದಾರಿಯ ಕೊಳಾಯಿ ಹತ್ತಿರ ಯಾಕೆ ನಿಲ್ಲುತ್ತಿದ್ದನೆಂದು ನಾನು ಬಲ್ಲೆ. ಮೊಪೆಡ್ ಕೊಂಡ ಮೇಲೆ ನನ್ನನ್ನು ಚಿಕ್ಕತಾಯಮ್ಮನಿಗೆ ಮಾರಿದ.

ಚಿಕ್ಕತಾಯಮ್ಮ ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಪ್ರವಾಸಿಗರಿಗೆ ಸೈಕಲ್ ಬಾಡಿಗೆ ಕೊಡುತ್ತಿದ್ದಳು. ಕೆರೆ ಏರಿಯ ದಾರಿಯಲ್ಲಿ ಮಾತ್ರ ಓಡಾಟ. ಅವಳ ಸೈಕಲ್ಲಿನಲ್ಲಿ ಹೋದವರು ಕಾಡಿನಲ್ಲಿ ಏನಾದರೂ ಕಿತಾಪತಿ ಮಾಡಿದರೆ ಪರವಾನಗಿ ರದ್ದು, ಅವಳ ಮತ್ತು ಮಗಳ ಅನ್ನಕ್ಕೆ ಕಲ್ಲು. ಹಾಗಾಗಿ ದುರ್ಬೀನು ಹಾಕಿಕೊಂಡು ಬಂದವನನ್ನೂ ಇವನು ನೋಡುವುದು ಹಕ್ಕಿಯನ್ನೋ, ಗಂಧದ ಮರವನ್ನೋ ಎಂದು ಗುಮಾನಿಯಿಂದಲೇ ನೋಡುತ್ತಿದ್ದಳು. ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿತು.

ಒಮ್ಮೆ ಮಲ್ಲಾಚಾರಿ ಎಂಬುವನು ಬಂದ. ಮಾತು ಕಡಿಮೆ. ಹೆಗಲಲ್ಲಿ ಉದ್ದನೆಯ ಬಟ್ಟೆಯ ಸುರುಳಿ, ಕೈಯಲ್ಲಿ ಭಾರದ ಚೀಲ. ದಿನಾ ಬೆಳಿಗ್ಗೆ ನನ್ನನ್ನು ಒಯ್ದರೆ ಸಂಜೆಗೇ ವಾಪಸು. ಏರಿಯ ಕೊನೆಗೆ ನನ್ನನ್ನು ನಿಲ್ಲಿಸಿ ಆಚೆ ನಡೆದು ಹೋಗುತ್ತಿದ್ದ, ಅಲ್ಲೇನು ಮಾಡುತ್ತಿದ್ದನೋ ನನಗೂ ಕಾಣದು. ನನ್ನ ಹ್ಯಾಂಡಲ್ಲಿನ ಹಿಡಿಯ ಮೇಲೆ ಕೆಂಪು ಕಲೆ. ಅದನ್ನು ಚಿಕ್ಕತಾಯಮ್ಮ ಎರಡೆರಡು ಸಲ ಒರೆಸುತ್ತಿದ್ದಳು. ಕೇಳಿದ್ದರೆ ಅವನು ಹೇಳುತ್ತಿದ್ದನೇನೋ. ಅವಳು ಕೇಳಲಿಲ್ಲ, ಬರೀ ನೋಡಿದಳು.

ಒಂದು ಸಂಜೆ ಅವನು ನನಗೆ ಒರಗಿಕೊಂಡು ಫೋನಿನಲ್ಲಿ ತಾಯಿಗೆ ಹೇಳುತ್ತಿದ್ದ: “ಜಿಂಕೆಗೆಲ್ಲ ಹೊಡ್ದಾಯ್ತು, ಆನೆಗೂ ಹೊಡ್ದೆ. ನಾಳೆ ಹುಲಿಗೆ ಹೊಡ್ದುಬುಟ್ಟು ಬತ್ತೀನಿ ಕಣವ್ವ.”

ಚಿಕ್ಕತಾಯಮ್ಮನಿಗೆ ಅದು ಕೇಳಿಸಿತು. ನೇರ ಚೆಕ್‌ಪೋಸ್ಟಿಗೆ ಓಡಿ, ಹೊಸದಾಗಿ ಬಂದಿದ್ದ ಗಾರ್ಡ್ ಕೇತೇಗೌಡನಿಗೆ ಹೇಳಿದಳು. ಅವನು ಪ್ರವಾಸಿಗರ ಎದುರೇ ಮಲ್ಲಾಚಾರಿಯ ಕೊರಳಪಟ್ಟಿ ಹಿಡಿದು ಚೀಲ ಸುರಿಸಿದ. ಯಾರೋ ಬೇಟೆಗಾರ ಸಿಕ್ಕಿಬಿದ್ದ ಎಂದರು. ನಾಲ್ಕಾರು ಜನ ಮೊಬೈಲ್ ಎತ್ತಿ ವಿಡಿಯೋ ಮಾಡಿದರು.

ಚೀಲದಿಂದ ಬಿದ್ದದ್ದು ಬ್ರಷ್ಷುಗಳು, ಕೆಮ್ಮಣ್ಣಿನ ಪುಡಿ, ತೊಳೆದ ಬುತ್ತಿ ಡಬ್ಬಿ. ಸುರುಳಿ ಬಿಚ್ಚಿದರೆ ಪ್ರಾಣಿಗಳ ಚಿತ್ರ. ಕೆರೆಯಾಚೆ ಕಟ್ಟುತ್ತಿದ್ದ ಹೊಸ ಸಭಾಂಗಣದ ಗೋಡೆಗೆ ಚಿತ್ರ ಬರೆಯಲು ಮೇಲಿನ ಸಾಹೇಬರೇ ಅವನನ್ನು ಕರೆಸಿದ್ದರಂತೆ.

ಮಲ್ಲಾಚಾರಿ ಮಣ್ಣಿನಲ್ಲಿ ಬಿದ್ದ ಬ್ರಷ್ಷುಗಳನ್ನು ಒಂದೊಂದಾಗಿ ಆಯ್ದುಕೊಂಡ. “ಬಣ್ಣ ಅನ್ನೋ ಮಾತ್ ಸೇರಿಸೋದ್ ಮರ್ತೆ ಕಣಮ್ಮ,” ಎಂದ. ಅಷ್ಟೇ. ನನ್ನನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಹೋದವನು ಮತ್ತೆ ಬರಲಿಲ್ಲ. ಸಾಹೇಬರು ಹೇಳಿ ಕಳಿಸಿದರೂ ಬರಲಿಲ್ಲ.

ಈಗ ನನ್ನ ಚಕ್ರ ಸೊಟ್ಟಗಾಗಿದೆ, ಚೈನು ತುಕ್ಕು ಹಿಡಿದಿದೆ. ಅದೇ ಸಭಾಂಗಣದ ಗೋಡೆಗೆ ಒರಗಿಸಿದ್ದಾರೆ. ನನ್ನ ಬಲಕ್ಕೆ ಬಣ್ಣದ ಜಿಂಕೆಗಳು, ಆನೆಗಳು. ತಲೆಯ ಮೇಲೆ ಹುಲಿ, ಬರೀ ಇದ್ದಿಲ ಗೆರೆಯಲ್ಲಿ. ಚಿಕ್ಕತಾಯಮ್ಮ ಬಿಡುವಾದಾಗ ಬಂದು ನನ್ನ ಧೂಳು ಒರೆಸುತ್ತಾಳೆ. ಗೋಡೆಯ ಕಡೆ ಮಾತ್ರ ತಲೆ ಎತ್ತುವುದಿಲ್ಲ. ಅವಳು ಯಾರ ಚೀಲವನ್ನೂ ದಿಟ್ಟಿಸುವುದನ್ನು ಬಿಟ್ಟಿದ್ದಾಳೆ. ನಾನಿನ್ನೂ ಬಿಟ್ಟಿಲ್ಲ.

ಮೊನ್ನೆ ಪ್ರವಾಸಕ್ಕೆ ಬಂದ ಪುಟ್ಟ ಹುಡುಗಿಯೊಬ್ಬಳು, ಈ ಹುಲಿಗೇನಾಯ್ತು ಎಂದು ಅವಳನ್ನು ಕೇಳಿದಳು.

ಚಿಕ್ಕತಾಯಮ್ಮನ ಕೈ ನನ್ನ ಹಿಡಿಯ ಮೇಲೆ ನಿಂತಿತು. “ಅದುಕ್ಕೆ ಹೊಡ್ದೋಳು ನಾನೇ ಕಣವ್ವ,” ಎಂದಳು.

ಹುಡುಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ಅನುಮಾನದಿಂದ ನೋಡಿ, ಹಿಂದೆ ಸರಿದು ಅಮ್ಮನ ಕೈ ಹಿಡಿದುಕೊಂಡಳು.