ಕಲಿಸಿದ ಮಾತು

ಜೈಲಿನಲ್ಲಿ ಎಲ್ಲರೂ ಅವರನ್ನು ಟೀಚರಮ್ಮ ಎನ್ನುತ್ತಿದ್ದರು. ದ್ವೇಷ ತಲೆಗೇರಿಸಿಕೊಂಡು, ರಕ್ತ ಹರಿಸಿ ಒಳಗೆ ಬಂದವರನ್ನು ಎದುರಿಗೆ ಕೂರಿಸಿಕೊಂಡು ಮನಸ್ಸು ತಿರುಗಿಸುವುದು ಅವರ ಕೆಲಸ. ಬಿಡುಗಡೆ ಸಮಿತಿಯ ಮುಂದೆ ತೊದಲಬಾರದೆಂದು, ಅದು ಕೇಳಬಹುದಾದ ಪ್ರಶ್ನೆಗಳನ್ನು ತಾವೇ ಮೊದಲು ಕೇಳಿ ಅಭ್ಯಾಸ ಮಾಡಿಸುವುದೂ ಉಂಟು.

ಇವತ್ತು ಸಮಿತಿಯ ಮುಂದೆ ಪಂಡಿತನ ಸರದಿ. ಸದಾ ಪುಸ್ತಕ ಹಿಡಿದಿರುತ್ತಾನೆಂದು ಜೊತೆಯ ಕೈದಿಗಳು ಇಟ್ಟ ಹೆಸರು. ಮೀಸೆ ಚಿಗುರುವ ವಯಸ್ಸಿನಲ್ಲಿ ಮಾರುಕಟ್ಟೆಯಲ್ಲಿ ಬಾಂಬಿಟ್ಟಿದ್ದ. ಹಣ್ಣಿನ ವ್ಯಾಪಾರಿಯೂ ಅವನ ಮಗಳೂ ಸತ್ತಿದ್ದರು. ಈಗ ಆ ಮೀಸೆ ನರೆತಿದೆ.

"ಆ ಮನೇಲಿ ಉಳಿದಿರೋ ಹೆಂಗಸು ಇವತ್ತಿಗೂ ಮರೆತು ಮೂರು ತಟ್ಟೆ ತೆಗೀತಾಳೆ ಸಾರ್. ಆಮೇಲೆ ಎರಡನ್ನ ವಾಪಸ್ ಇಡ್ತಾಳೆ," ಎಂದ ಪಂಡಿತ.

ಸಮಿತಿಯ ಹಿರಿಯರಾದ ಜಡ್ಜು ಕನ್ನಡಕ ತೆಗೆದು ಒರೆಸಿಕೊಂಡರು. ಟೀಚರಮ್ಮ ಮಾತ್ರ ತಟ್ಟನೆ ತಲೆಯೆತ್ತಿದರು. ಆ ವ್ಯಾಪಾರಿಯ ಹೆಂಡತಿಯ ಸಂಕಟ ಹೀಗಿದ್ದೀತು ಎಂದು ಅಭ್ಯಾಸದ ಹೊತ್ತಿನಲ್ಲಿ ಅವರೇ ಆಡಿದ್ದ ಮಾತು ಅದು. ಒಂದಕ್ಷರ ಆಚೀಚೆ ಇಲ್ಲ.

"ಏನಮ್ಮಾ, ಇವನು ಬದಲಾಗಿದ್ದಾನಾ?" ಎಂದು ಜಡ್ಜು ಟೀಚರಮ್ಮನನ್ನು ಕೇಳಿದರು.

ಟೀಚರಮ್ಮ ಅವನ ಕಡೆ ತಿರುಗಿದರು. "ನಿನ್ನ ಸ್ವಂತ ಮಾತಲ್ಲಿ ಒಂದ್ಸಲ ಹೇಳಪ್ಪ."

ಪಂಡಿತ ಅವರನ್ನೇ ನೋಡಿದ. "ಸ್ವಂತದ್ದು ಯಾವುದು ಟೀಚರಮ್ಮಾ? ಬಂದಾಗ ನನ್ನ ಬಾಯಲ್ಲಿದ್ದದ್ದು ನಮ್ಮ ಗುಂಪಿನವರ ಮಾತು. ಅದನ್ನ ಬಿಡಿಸಿದ್ರಿ. ಈಗಿರೋದು ನಿಮ್ಮದೇ."

"ಒಳ್ಳೇ ಗಿಳಿ ಸಾಕಿದ್ದೀರಿ ಬಿಡಿ," ಎಂದು ಸಮಿತಿಯವರೊಬ್ಬರು ನಕ್ಕರು.

"ಹೌದೋ ಇಲ್ಲವೋ, ಅಷ್ಟು ಹೇಳಿ ಸಾಕು," ಎಂದರು ಜಡ್ಜು.

ಹೌದು ಎಂದು, ನಾಳೆ ಇನ್ನೊಂದು ಮಾರುಕಟ್ಟೆಯಲ್ಲಿ ಹೆಣ ಬಿದ್ದರೆ? ಇಲ್ಲ ಎಂದು, ಅವನ ಪಶ್ಚಾತ್ತಾಪ ನಿಜವೇ ಆಗಿದ್ದರೆ? ಟೀಚರಮ್ಮ ಜಡ್ಜ್ ಕಡೆ ತಿರುಗಿದರು. "ಗೊತ್ತಾಗ್ತಿಲ್ಲ ಸಾರ್."

"ಇಷ್ಟು ವರ್ಷ ಜೊತೆಗಿದ್ದ ನಿಮಗೇ ಗೊತ್ತಾಗಲ್ಲ ಅಂದ್ರೆ ನಾವು ಯಾವ ಧೈರ್ಯದ ಮೇಲೆ ಬಿಡೋಣ?"

ಅಲ್ಲಿಗೆ ಮುಗಿಯಿತು. ಪಂಡಿತ ತಲೆ ತಗ್ಗಿಸಿಕೊಂಡು ಒಳಗೆ ಹೋದ.

ಗೇಟಿನ ಹೊರಗೆ ಅವನ ತಾಯಿ ಹೊಸ ಅಂಗಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕೂತಿದ್ದಳು. "ಬಿಟ್ರಾ?"

ಟೀಚರಮ್ಮ ಇಲ್ಲವೆಂದು ತಲೆಯಾಡಿಸಿ ಪಕ್ಕದಲ್ಲೇ ಕುಸಿದರು. "ನೀವು ಹೆತ್ತವರು. ನಿಮಗಾದ್ರೂ ಗೊತ್ತಾಗುತ್ತೇನಮ್ಮಾ, ಅವನು ಬದಲಾಗಿದ್ದಾನಾ ಇಲ್ವಾ ಅಂತ?"

ಮುದುಕಿ ಅಂಗಿಯನ್ನು ನಿಧಾನವಾಗಿ ಮಡಚಿ ಚೀಲದೊಳಗೆ ತುರುಕಿದಳು.

"ಬಾಂಬಿಟ್ಟ ದಿನ ಬೆಳಿಗ್ಗೆ, ಮಂಡಿನೋವು ಅಂತ ನನ್ನ ಕಾಲಿಗೆ ಎಣ್ಣೆ ತಿಕ್ಕಿ ಹೋಗಿದ್ದ ಕಣಮ್ಮ. ಆವತ್ತೂ ನಂಗೇನೂ ಗೊತ್ತಾಗ್ಲಿಲ್ಲ."