ಅಜ್ಜಿ ತಿದ್ದಿದ ನಕಾಶೆ

ಗುರುಪಾದಸ್ವಾಮಿ ಗುಂಡ್ಲುಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ನಕಾಶೆಗಳ ಪ್ರತಿ ತೆಗೆಯುವ ಕೆಲಸದಲ್ಲಿದ್ದ. ಮೂರು ವರ್ಷದಿಂದ ಅವನ ಪೆನ್ಸಿಲ್ಲು ಹತ್ತದ ಬೆಟ್ಟವಿಲ್ಲ, ದಾಟದ ಹಳ್ಳವಿಲ್ಲ. ಅವನ ಕಾಲು ಮಾತ್ರ ಕೋಣೆಯಿಂದ ಕಚೇರಿಗೆ, ಕಚೇರಿಯಿಂದ ಕೋಣೆಗೆ ನಡೆದದ್ದಷ್ಟೆ.

ಅದು ಐವತ್ತಾರನೆಯ ಇಸವಿಯ ನವೆಂಬರ್ ತಿಂಗಳು. ಕೊಳ್ಳೇಗಾಲ ಮದರಾಸಿನಿಂದ ಕಳಚಿಕೊಂಡು ಮೈಸೂರಿಗೆ ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ. ಹಳೆಯ ಗಡಿಯ ಗೆರೆ ಅಳಿಸಿ ಹೊಸದನ್ನು ಎಳೆಯಿರಿ ಎಂದು ಮೇಲಿನಿಂದ ಹುಕುಂ ಬಂದಿತ್ತು. ಬಿಳಿಗಿರಿರಂಗನ ಬೆಟ್ಟದ ಸಾಲಿನ ಮೇಲೆ ರಬ್ಬರು ಉಜ್ಜುತ್ತ ಕೂತಿದ್ದ ಗುರುಪಾದನಿಗೆ ಇದ್ದಕ್ಕಿದ್ದಂತೆ, ಈ ಬೆಟ್ಟಕ್ಕೆ ಬೆನ್ನು ಅಂತ ಒಂದಿದೆಯಲ್ಲ ಎಂದು ಹೊಳೆಯಿತು. ಚಾಮರಾಜನಗರದಲ್ಲಿ ಹುಟ್ಟಿ ಬೆಳೆದವನು ಅವನು. ಇಪ್ಪತ್ತಮೂರು ವರ್ಷ ಮನೆಯ ಜಗಲಿಯಿಂದ ಆ ಬೆಟ್ಟದ ಮುಖವನ್ನು ಮಾತ್ರ ನೋಡಿಕೊಂಡು ಬಂದಿದ್ದ. ನೆಂಟರ ಮುಖ ನೋಡಿ ಬೆನ್ನು ನೋಡದೆ ಇರುವುದು ಮರ್ಯಾದೆಯಾದರೂ ಬೆಟ್ಟದ ವಿಷಯದಲ್ಲಿ ಅದು ದಡ್ಡತನ ಅನ್ನಿಸಿತು. ನಡೆದೇ ಸುತ್ತಿ ಬರುವುದೆಂದು ಆ ಸಂಜೆಯೇ ನಿಶ್ಚಯವಾಯಿತು.

ಜೊತೆಗೆ ಚಿಕ್ಕಮಲ್ಲಪ್ಪ. ಇವನು ಈರುಳ್ಳಿ ಮಂಡಿಯಲ್ಲಿ ತೂಕ ಹಾಕುವವನು, ಗುರುಪಾದನ ಕೋಣೆಯಲ್ಲೇ ಇದ್ದವನು. ಯಾವ ವಸ್ತುವನ್ನು ಕಂಡರೂ ಕಣ್ಣಲ್ಲೇ ತೂಗಿ ಇಷ್ಟು ಸೇರು ಅನ್ನುವುದು ಅವನ ಚಾಳಿ. ಪ್ರಯಾಣದ ಮಾತು ತೆಗೆದಾಗ ಅವನು ಕೇಳಿದ್ದು ಎರಡೇ ಪ್ರಶ್ನೆ: ಆನೆ ಇರುತ್ತದೆಯೇ, ಊಟ ಇರುತ್ತದೆಯೇ? ಆನೆ ಬೇಕಾದಷ್ಟು, ಊಟ ಅಷ್ಟಕ್ಕಷ್ಟೆ ಎಂದು ಗುರುಪಾದ ನಿಜ ಹೇಳಿದ. ತಿರುಗುಮುರುಗಾಗಿದ್ದರೆ ಚೆನ್ನಾಗಿತ್ತು ಎಂದು ಗೊಣಗಿ ಚಿಕ್ಕಮಲ್ಲಪ್ಪ ಒಪ್ಪಿಕೊಂಡ.

ಯೋಜನೆ ಅಚ್ಚುಕಟ್ಟಾಗಿತ್ತು. ನೂರಾ ಹತ್ತು ಮೈಲಿ, ಹತ್ತು ದಿನ. ಚಾಮರಾಜನಗರದಿಂದ ತೆಂಕಲಿಗೆ ಹೊರಟು ಪುಣಜನೂರು, ಹಾಸನೂರಿನ ಕಾಡು, ಅಲ್ಲಿಂದ ಬೆಟ್ಟದ ಬೆನ್ನಿಗೆ ಲೊಕ್ಕನಹಳ್ಳಿ, ಆಮೇಲೆ ಕೊಳ್ಳೇಗಾಲ, ಯಳಂದೂರು, ಸಂತೇಮರಹಳ್ಳಿಯ ಬಯಲಲ್ಲಿ ಹಾಯಾಗಿ ಮನೆಗೆ. ಕಾಲಲ್ಲಿ ಕಸುವಿರುವಾಗ ಕಾಡು, ಕಾಲು ಸೋತಾಗ ಬಯಲು. ಮಲಗುವುದಕ್ಕೆ ಸ್ಕೂಲಿನ ಜಗಲಿಗಳು. ಯುದ್ಧದಿಂದ ಮರಳಿದ ಒಬ್ಬ ಸಿಪಾಯಿಯಿಂದ ಎರಡು ಕ್ಯಾನ್ವಾಸ್ ಬೆನ್ನುಚೀಲಗಳೂ ಸಿಕ್ಕಿದ್ದವು. ಒಂದೊಂದು ಚೀಲ ಒಂದು ಮಣ ಮೀರಬಾರದು ಎಂದು ಚಿಕ್ಕಮಲ್ಲಪ್ಪ ಷರತ್ತು ಹಾಕಿದ. ದಿನಾ ಉಂಡಷ್ಟೂ ಚೀಲ ಹಗುರವಾಗುತ್ತ ಹೋಗುತ್ತದೆ, ಕೊನೆಯ ದಿನ ಗಾಳಿಪಟದಂತೆ ಊರು ಸೇರಬಹುದು ಎಂಬುದು ಗುರುಪಾದನ ಲೆಕ್ಕ.

ಆದರೆ ಸಮಯ ಒಂದೇ ಒಂದಿತ್ತು. ಮಾಘದ ಕೊನೆಗೆ ಅವನ ಮದುವೆ ಗೊತ್ತಾಗಿತ್ತು. ಸಂಕ್ರಾಂತಿ ಕಳೆದ ಮೇಲಿನ ಹತ್ತು ದಿನ ರಜೆ ಮಂಜೂರಾಗಿತ್ತು. ಆ ಹತ್ತು ದಿನ ತಪ್ಪಿದರೆ ಮುಂದೆ ಹೆಂಡತಿ, ಮಕ್ಕಳು, ಅವರ ನೆಗಡಿ. ಬೆಟ್ಟದ ಬೆನ್ನು ಈ ಜನ್ಮಕ್ಕಿಲ್ಲ. ಅಪ್ಪ ಪುಟ್ಟಮಲ್ಲಪ್ಪನವರು ಜಾಣರು, ಬೇಡವೆಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವ್ವ ಒಪ್ಪಿದರೆ ಹೋಗು ಎಂದು ಎದ್ದುಹೋದರು. ಅವರ ಅವ್ವ, ಅಂದರೆ ಗುರುಪಾದನ ಅಜ್ಜಿ ದೊಡ್ಡಮಲ್ಲಮ್ಮ, ಆ ಮನೆಯಲ್ಲಿ ಯಾವುದನ್ನೂ ಮೊದಲ ಸಲಕ್ಕೆ ಒಪ್ಪಿದ ದಾಖಲೆ ಇರಲಿಲ್ಲ.

ಭಾನುವಾರ ಜಗಲಿಯಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಗುರುಪಾದ ಅವಳ ಮುಂದೆ ನಕಾಶೆ ಹರಡಿ ಊರೂರು ಬೆರಳಿಟ್ಟು ವಿವರಿಸಿದ. ಅಜ್ಜಿಗೆ ಓದು ಬರದು. ಆದರೂ ಲೊಕ್ಕನಹಳ್ಳಿ ಎಲ್ಲಿ ಎಂದು ಎರಡು ಸಲ ಕೇಳಿದಳು, ಎರಡು ಸಲವೂ ಆ ಚುಕ್ಕೆಯನ್ನು ಬಗ್ಗಿ ನೋಡಿದಳು. ಅಲ್ಲಿಗೆ ಅವಳ ತಂಗಿ ಶಾಂತಮಲ್ಲಮ್ಮನನ್ನು ಕೊಟ್ಟಿದ್ದರು. ಅಕ್ಕತಂಗಿಯರು ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ಹಿರಿಯಳಾದವಳು ನೆಪವಿಲ್ಲದೆ ಕಿರಿಯಳ ಮನೆಗೆ ಹೋಗಿ ಕೂತರೆ, ಮಗನ ಮನೆಯಲ್ಲಿ ಅನ್ನಕ್ಕೆ ತತ್ವಾರವೇನೋ ಎಂದು ಜನ ಆಡಿಕೊಳ್ಳುತ್ತಾರೆ. ಒಂಬತ್ತು ವರ್ಷದಲ್ಲಿ ಆ ಮನೆಯಲ್ಲಿ ಮದುವೆಯೂ ಆಗಲಿಲ್ಲ, ತೊಟ್ಟಿಲೂ ಕಟ್ಟಲಿಲ್ಲ. ನೆಪ ಹುಟ್ಟಲೇ ಇಲ್ಲ.

ಎಲ್ಲ ಕೇಳಿಯಾದ ಮೇಲೆ, ನಡೆಯುವಾಗ ಬೆಟ್ಟ ಯಾವ ಕೈಗೆ ಇರುತ್ತದೆ ಎಂದಳು. ಎಡಕ್ಕೆ ಎಂದ ಗುರುಪಾದ. ಅಜ್ಜಿಯ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು.

“ಎಡಕ್ಕಾ? ಎಣ ಒತ್ಕಂಡೋರು ಸುತ್ತೋದು ಅಂಗೆ ಕಣ್ಲಾ ಮೊಗ.”

ನಮ್ಮ ದೇವರು ಮಾದಪ್ಪ, ಈ ಬೆಟ್ಟದ ಮೇಲಿರುವ ರಂಗಪ್ಪ ನಮ್ಮ ಮನೆದೇವರಲ್ಲವಲ್ಲ ಎಂದು ಗುರುಪಾದ ವಾದ ಹೂಡಿದ.

“ಪಕ್ಕದ್ಮನೆ ಯಜಮಾನ ಅಂತಾನಾದ್ರೂ ಮರ್ವಾದೆ ಬ್ಯಾಡ್ವಾ? ಬಲಕ್ಕೆ ಇಟ್ಕಂಡು ಓಗದಾದ್ರೆ ಓಗು. ಇಲ್ಲ ಅಂದ್ರೆ ಬುಡು.”

ಗುರುಪಾದ ಗುಂಡ್ಲುಪೇಟೆಗೆ ಮರಳಿ ಹತ್ತು ದಿನದ ಪಟ್ಟಿಯನ್ನು ತಲೆಕೆಳಗು ಮಾಡಿ ಬರೆದ. ಮೊದಲು ಬಯಲು, ಆಮೇಲೆ ಕಾಡು. ಮುಂದಿನ ಭಾನುವಾರ ಹೊಸ ಪಟ್ಟಿ ಹಿಡಿದು ಬಂದಾಗ ಅಜ್ಜಿ ಎರಡನೆಯ ತಕರಾರು ಸಿದ್ಧ ಮಾಡಿಕೊಂಡಿದ್ದಳು. ಮಲಗುವುದು ಎಲ್ಲಿ? ಸ್ಕೂಲಿನ ಜಗಲಿ ಎಂದದ್ದೇ ತಡ, ಅವಳು ಬೆರಳು ಮಡಿಸತೊಡಗಿದಳು. ಸಂತೇಮರಹಳ್ಳಿಯಲ್ಲಿ ಅವಳ ಮಗಳು, ಗುರುಪಾದನ ಸೋದರತ್ತೆ ಶಿವರುದ್ರಮ್ಮ. ಯಳಂದೂರಿನಲ್ಲಿ ಒಬ್ಬಳು ಅಣ್ಣನ ಮಗಳು. ಕೊಳ್ಳೇಗಾಲದಾಚೆ ಮಧುವನಹಳ್ಳಿಯಲ್ಲಿ ಇನ್ನೊಬ್ಬಳು. ಲೊಕ್ಕನಹಳ್ಳಿಯಲ್ಲಿ ತಂಗಿ. ಮನೆಯ ಹೆಣ್ಣುಮಕ್ಕಳನ್ನು ಬೆಟ್ಟದ ಬುಡದುದ್ದಕ್ಕೂ ಕೊಟ್ಟಿರುವಾಗ ಮನೆಯ ಗಂಡು ಹೋಗಿ ಸ್ಕೂಲಿನ ಜಗಲಿಯಲ್ಲಿ ಬಿದ್ದುಕೊಂಡರೆ, ಬೆಳಿಗ್ಗೆ ಅವರು ಬಾವಿಕಟ್ಟೆಯಲ್ಲಿ ತಲೆಯೆತ್ತುವುದು ಹೇಗೆ?

ಅದೂ ಸರಿ ಎನ್ನಿಸಿತು. ರಾತ್ರಿಗೆ ಸೂರು, ಬಿಸಿನೀರು. ಚಿಕ್ಕಮಲ್ಲಪ್ಪನಿಗಂತೂ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಗುರುಪಾದ ನಾಲ್ಕು ಮನೆಗೂ ಕಾರ್ಡು ಬರೆದ. ಎಷ್ಟಾದರೂ ಮೈಸೂರಿನಲ್ಲಿ ಓದಿ ಬಂದವನು, ಸೌಜನ್ಯಕ್ಕೆಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ: ‘ನಮಗಾಗಿ ಏನೂ ಮಾಡಬೇಡಿ.’

ಅದೇ ತಪ್ಪಾದದ್ದು. ನೆಂಟರ ಮನೆಗೆ ಏನೂ ಮಾಡಬೇಡಿ ಎಂದು ಹೇಳಿ ಕಳಿಸುವುದು ಎರಡೇ ಸಂದರ್ಭದಲ್ಲಿ: ಸೂತಕವಿದ್ದಾಗ, ಇಲ್ಲವೆ ಮುನಿಸಿದ್ದಾಗ. ಹತ್ತು ದಿನದೊಳಗೆ ನಾಲ್ಕು ಉತ್ತರ ಬಂದವು. ಶಿವರುದ್ರಮ್ಮತ್ತೆ ತನ್ನಿಂದ ಏನು ತಪ್ಪಾಯಿತು ಎಂದು ಕಣ್ಣೀರಿಟ್ಟು ಬರೆಸಿದ್ದಳು. ಯಳಂದೂರಿನವರು ಹೋಳಿಗೆ, ಮಧುವನಹಳ್ಳಿಯವರು ಕಜ್ಜಾಯ ಎಂದು ಮೊದಲೇ ಪ್ರಕಟಿಸಿದ್ದರು. ಲೊಕ್ಕನಹಳ್ಳಿಯ ಕಾರ್ಡಿನಲ್ಲಿ ಒಂದೇ ಸಾಲಿತ್ತು, ಅಕ್ಕ ಹೇಗಿದ್ದಾಳೆ ಎಂದು. ಅದನ್ನು ಅಜ್ಜಿ ಗುರುಪಾದನ ಕೈಯಲ್ಲಿ ಓದಿಸಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳು ಆ ದಿನ ಮತ್ತೆ ತಕರಾರು ತೆಗೆಯಲಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ಗುರುಪಾದ, ಚಿಕ್ಕಮಲ್ಲಪ್ಪ ಇಬ್ಬರೂ ಚೀಲ ಕಟ್ಟಿಕೊಂಡು ಚಾಮರಾಜನಗರಕ್ಕೆ ಬಂದಿಳಿದರು. ನಾಡಿದ್ದು ಹೊರಡುವುದು. ಮನೆಯ ಪಡಸಾಲೆಯಲ್ಲಿ ಅವರಿಗಾಗಿ ನಾಲ್ಕು ಗಂಟು ಕಾದಿದ್ದವು. ಪ್ರತಿ ಗಂಟಿನಲ್ಲೂ ಎಳ್ಳುಬೆಲ್ಲ, ಕೊಬ್ಬರಿ ಗಿಟುಕು, ಅಚ್ಚುಬೆಲ್ಲ, ಹುರಿಗಡಲೆ, ತಂಬಿಟ್ಟು, ಕುಬುಸದ ಬಟ್ಟೆ. ತಂಗಿಯದು ಮಾತ್ರ ಉಳಿದವಕ್ಕಿಂತ ದಪ್ಪ. ತವರಿನಿಂದ ಹೆಣ್ಣಿನ ಮನೆಗೆ, ಅದೂ ಸಂಕ್ರಾಂತಿಯ ವಾರದಲ್ಲಿ, ಕೈಬೀಸಿಕೊಂಡು ಹೋಗಲು ಸಾಧ್ಯವೇ?

ಚಿಕ್ಕಮಲ್ಲಪ್ಪ ಎದುರಿನ ಬೆಲ್ಲದ ಅಂಗಡಿಗೆ ಹೋಗಿ ತಕ್ಕಡಿ ಹೊತ್ತು ತಂದ. ನಾಲ್ಕು ಗಂಟು ಸೇರಿ ಐದು ಧಡೆಯ ತೂಗಿದವು. ಮಣಕ್ಕೆ ನಾಲ್ಕು ಧಡೆಯ, ಅಂದರೆ ಇಬ್ಬರ ಚೀಲದ ಮೇಲೆ ಇನ್ನೊಂದು ಚೀಲದಷ್ಟು ಭಾರ, ಮೇಲೊಂದು ಚೂರು.

ಕೊಡುತ್ತ ಹೋದಂತೆ ಇಳಿಯುತ್ತದೆ, ಕಾಡು ಮುಟ್ಟುವಾಗ ಗಂಟು ಒಂದೂ ಇರುವುದಿಲ್ಲ ಎಂದು ಗುರುಪಾದ ಸಮಾಧಾನ ಹೇಳಿದ.

“ನಿಂಗೆ ನಕಾಶೆ ಗೊತ್ತು, ನೆಂಟ್ರು ಗೊತ್ತಿಲ್ಲ ಕಣ್ಲಾ,” ಎಂದ ಚಿಕ್ಕಮಲ್ಲಪ್ಪ. “ಗಂಟು ಬಿಚ್ಕಂಡು ಬರಿ ಬಟ್ಟೆ ಮಡಿಸಿ ವಾಪಸ್ ಕೊಟ್ಟೋರು ಯಾರವ್ರೆ? ನಿಮ್ಮತ್ತೆ ಮನೇಲಿ ಒಂದು ಧಡೆಯ ಇಳೀತದೆ, ಎರಡು ಧಡೆಯ ಏರ್ತದೆ. ಅಕ್ಕಿ, ಅವರೆ, ಉರುಳಿ. ಯಳಂದೂರಲ್ಲೂ ಅಷ್ಟೆ. ಲೊಕ್ಕನಳ್ಳಿ ಮುಟ್ಟೊತ್ಗೆ ಎರಡು ಮಣ ನಿಂತಿರ್ತದೆ. ಆನೆ ಬಂದ್ರೆ ಓಡದು ಅತ್ಲಾಗಿರ್ಲಿ, ತಿರುಗಿ ನೋಡಕ್ಕಾಗಲ್ಲ.”

ಅವನು ತೂಕದವನು, ಅವನ ಲೆಕ್ಕ ತಪ್ಪುವಂಥದ್ದಲ್ಲ. ಗುರುಪಾದ ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದ. ನಡೆದಷ್ಟೂ ಹಗುರಾಗಬೇಕಾದ ಚೀಲ ನಡೆದಷ್ಟೂ ಬಲಿಯುತ್ತಿತ್ತು. ಗಂಟು ಬಿಟ್ಟು ಹೋಗುವಂತಿಲ್ಲ, ಹೊತ್ತು ಹೋಗುವಂತಿಲ್ಲ, ಕೊಟ್ಟದ್ದನ್ನು ಒಲ್ಲೆ ಅನ್ನುವಂತಿಲ್ಲ. ನೆಂಟರ ಮನೆಗಳನ್ನು ತಪ್ಪಿಸಿ ಹೋಗೋಣವೆಂದರೆ ಕಾರ್ಡು ಬರೆದು ಅವನೇ ಬಲೆ ಬೀಸಿಕೊಂಡಿದ್ದ. ಅವನು ನಕಾಶೆಯನ್ನು ಸುರುಳಿ ಸುತ್ತಿ ಮೂಲೆಗೆ ಒರಗಿಸಿ, ಇದು ಆಗುವ ಮಾತಲ್ಲ, ರಜೆ ವಾಪಸು ಮಾಡಿ ಕಚೇರಿಗೆ ಹೋಗುತ್ತೇನೆ ಎಂದು ಗೋಡೆಗೆ ಮುಖ ಮಾಡಿ ಕೂತ.

ಅಜ್ಜಿ ಎದ್ದು ಹೋಗಿ ಆ ಸುರುಳಿಯನ್ನು ತಂದಳು. ತಕ್ಕಡಿಯ ಪಕ್ಕದಲ್ಲಿ ಬಿಚ್ಚಿ, ಮೂಲೆಗೊಂದೊಂದು ಗಂಟು ಹೇರಿ ಕೂತು, ಈ ಊರುಗಳಿಗೆಲ್ಲ ಬಸ್ಸು ಇದೆಯೇ ಎಂದು ಕೇಳಿದಳು. ಕೊಳ್ಳೇಗಾಲದವರೆಗೆ ದಿನಕ್ಕೆ ಎರಡು, ಮುಂದೆ ಒಂದು, ಕೊನೆಗೆ ಗಾಡಿ ಎಂದ ಗುರುಪಾದ, ಗೋಡೆಯನ್ನು ನೋಡುತ್ತಲೇ.

“ಅಂಗಾದ್ರೆ ಗಂಟು ನಾನು ತತ್ತೀನಿ. ನೀವು ನಡ್ಕಂಡು ಬನ್ನಿ.”

ಗುರುಪಾದ ತಿರುಗಿ ಕೂತ. ಅಜ್ಜಿಯ ವಿವರಣೆ ಸರಳವಾಗಿತ್ತು. ತವರಿನ ಹಿರಿಯಳೇ ಮನೆಗೆ ಬಂದ ಮೇಲೆ ಕೊಡುವುದು, ತೆಗೆದುಕೊಳ್ಳುವುದು ಎಲ್ಲ ಅವಳ ಕೈಯಲ್ಲಿ. ಹುಡುಗರ ಚೀಲಕ್ಕೆ ಯಾರೂ ಕೈ ಹಾಕುವಂತಿಲ್ಲ. ಅವರು ಕೊಟ್ಟದ್ದು ಬಸ್ಸಿನ ಟಾಪಿನಲ್ಲಿ ಊರಿಗೆ ಬರುತ್ತದೆ, ಬಸ್ಸಿಗೆ ಬೆನ್ನುನೋವಿಲ್ಲ. ನೆಪವೂ ಗಟ್ಟಿ: ಮೊಮ್ಮಗ ಬೆಟ್ಟ ಸುತ್ತುತ್ತಿದ್ದಾನೆ, ಅವನ ಹಿಂದೆ ಬಂದೆ. ಇದಕ್ಕೆ ಯಾರ ನಾಲಿಗೆ ಏನು ಆಡೀತು? ಇಷ್ಟು ಹೇಳಿ ಅವಳು ನಕಾಶೆಯ ಮೇಲೆ ಬೆರಳು ಸರಿಸಿದಳು. ಓದು ಬರದಿದ್ದರೂ ಲೊಕ್ಕನಹಳ್ಳಿಯ ಚುಕ್ಕೆಗೆ ಬೆರಳು ತಪ್ಪದೆ ಹೋಗಿ ನಿಂತಿತು.

“ಇಲ್ಲಿಗಂಟ ನಂದು. ಇಲ್ಲಿಂದಾಚೆ ನಮ್ಮೋರು ಯಾರೂ ಇಲ್ಲ. ಅಲ್ಲಿ ನಿಂಗೆ ಬೇಕಾದಂಗೆ ನಡಿ, ಯಾರೂ ಕೇಳಲ್ಲ. ನಾನು ತಂಗಿ ಮನೇಲಿ ಇರ್ತೀನಿ. ಮದುವೆಗೆ ಅವಳನ್ನೂ ಕರ್ಕಂಡು ಬತ್ತೀನಿ.”

ಗುರುಪಾದ ಕನಸು ಕಂಡಿದ್ದು ತನ್ನ ಹೆಸರು ಹಿಡಿದು ಕರೆಯುವವರೇ ಇಲ್ಲದ ಹತ್ತು ದಿನಗಳನ್ನು. ಈಗ ಅದರಲ್ಲಿ ನಾಲ್ಕು ಸಂಜೆ ಅಜ್ಜಿ ಬಾಗಿಲಲ್ಲೇ ಕೂತು ಕಾಯುತ್ತಿರುತ್ತಾಳೆ. ಮುಖ ಚಿಕ್ಕದು ಮಾಡಲು ಹೋದ, ಆಗಲಿಲ್ಲ. ಅರವತ್ತೆಂಟು ವರ್ಷದ ಅಜ್ಜಿ ಆ ಚುಕ್ಕೆಯ ಮೇಲಿಂದ ಬೆರಳು ತೆಗೆಯದೆ, ಸ್ಕೂಲಿಗೆ ರಜ ಬಿಟ್ಟ ಹುಡುಗಿಯ ಹಾಗೆ ಅವನ ಮುಖವನ್ನೇ ನೋಡುತ್ತಿದ್ದಳು. ಒಪ್ಪಿಗೆ ಕೇಳಬೇಕಾದವನು ತಾನು, ಆದರೆ ಕೇಳುತ್ತಿರುವುದು ಅವಳು ಎಂದು ಅವನಿಗೆ ತಟ್ಟನೆ ಅರ್ಥವಾಯಿತು. ಅವನು ನಕ್ಕುಬಿಟ್ಟ. ಪಟ್ಟಿಯ ಹತ್ತು ದಿನಗಳಲ್ಲಿ ಮೊದಲ ನಾಲ್ಕರ ಎದುರು ‘ಅಜ್ಜಿ’ ಎಂದು ಬರೆದ. ಉಳಿದ ಆರರ ಎದುರು ಏನೂ ಬರೆಯಲಿಲ್ಲ. ಪುಟ್ಟಮಲ್ಲಪ್ಪನವರು ಒಳಗಿನಿಂದ ಬಂದು ವಿಷಯ ಕೇಳಿ, ಅವ್ವ ಒಪ್ಪಿದಳೇ ಎಂದು ಅನುಮಾನದಿಂದ ವಿಚಾರಿಸಿದರು. ಅವ್ವ ಆಗಲೇ ಸೀರೆ ಮಡಿಸುತ್ತಿದ್ದಳು.

ಹೊರಟ ದಿನ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಒಂದೊಂದು ಮಣದ ಚೀಲ ಬೆನ್ನಿಗೇರಿಸಿ ಇಬ್ಬರೂ ಸಂತೇಮರಹಳ್ಳಿಯ ರಸ್ತೆ ಹಿಡಿದರು. ಎರಡು ಮೈಲಿಗೆ ಚಿಕ್ಕಮಲ್ಲಪ್ಪ ಹಾಡಿದ, ಮೂರನೆಯ ಮೈಲಿಗೆ ನಿಲ್ಲಿಸಿದ, ನಾಲ್ಕನೆಯ ಮೈಲಿಗೆ ಅವನ ಎಡಗಾಲಿನ ಮೆಟ್ಟು ಕಚ್ಚತೊಡಗಿತು. ಹುರುಳಿ ಹೊಲಗಳ ಆಚೆ ಮಂಜಿನಿಂದ ಬೆಟ್ಟ ಒಂದೊಂದೇ ಮಡಿಕೆಯಾಗಿ ಈಚೆ ಬರುತ್ತಿತ್ತು. ಕಾಗದದ ಮೇಲೆ ಕೂದಲೆಳೆಯಷ್ಟಿದ್ದ ರಸ್ತೆಗೆ ಇಷ್ಟೊಂದು ಧೂಳು, ಇಷ್ಟು ಹುಣಿಸೆಮರ, ಇಷ್ಟು ಉದ್ದ ಇರುತ್ತದೆಂದು ಗುರುಪಾದನಿಗೆ ತಿಳಿದಿರಲಿಲ್ಲ.

ಏಳನೆಯ ಮೈಲಿಕಲ್ಲಿನ ಹತ್ತಿರ ಹಿಂದಿನಿಂದ ಬಸ್ಸು ಹಾರನ್ನು ಬಾರಿಸುತ್ತ ಬಂತು. ಟಾಪಿನ ಮೇಲೆ ನಾಲ್ಕು ಗಂಟು, ಡ್ರೈವರನ ಪಕ್ಕದ ಸೀಟಿನಲ್ಲಿ ಅಜ್ಜಿ. ಇಷ್ಟರಲ್ಲಿ ಅವಳು ಇಡೀ ಬಸ್ಸಿಗೆ ಕಥೆ ಹೇಳಿ ಮುಗಿಸಿದ್ದಿರಬೇಕು. ಕಿಟಕಿಕಿಟಕಿಯಲ್ಲೂ ತಲೆಗಳು ತೂರಿ, ಇವರೇ, ಇವರೇ ಎಂದು ಬೆರಳು ಮಾಡುತ್ತಿದ್ದವು. ಡ್ರೈವರ್ ಬಸ್ಸು ನಿಲ್ಲಿಸಿದ. ಪಾಪ, ಹುಡುಗರು ಬೆವತಿದ್ದಾರೆ, ಸಂತೇಮರಹಳ್ಳಿ ಇನ್ನೇನು ಎರಡು ಮೈಲಿ, ಟಿಕೆಟ್ಟು ಬೇಡ, ಹತ್ತಲಿ ಎಂದ. ಚಿಕ್ಕಮಲ್ಲಪ್ಪನ ಮೆಟ್ಟು ಕಚ್ಚಿದ ಕಾಲು ಅವನನ್ನು ಕೇಳದೆಯೇ ಫುಟ್‌ಬೋರ್ಡಿನ ಕಡೆ ಒಂದು ಹೆಜ್ಜೆ ಇಟ್ಟಿತು.

“ಮುಟ್ಟಬ್ಯಾಡ ಕಣಪ್ಪ ಅವರನ್ನ,” ಎಂದಳು ಅಜ್ಜಿ ಡ್ರೈವರಿಗೆ. “ನಡ್ದೇ ಸುತ್ತಬೇಕು ಅಂತ ಒಂಟವ್ರೆ, ನಡೀಲಿ. ನೀನು ಗಾಡಿ ಬುಡು, ನಂಗೆ ಒತ್ತಾಯ್ತದೆ.”

ಬಸ್ಸು ಧೂಳೆಬ್ಬಿಸಿಕೊಂಡು ಹೊರಟಿತು. ಗುರುಪಾದ ಗೆಳೆಯನ ತೋಳು ಹಿಡಿದು ರಸ್ತೆಗೆ ಎಳೆದುಕೊಂಡ. ಇಬ್ಬರೂ ಕಣ್ಣು ಬಾಯಿ ತುಂಬ ಧೂಳು ತುಂಬಿಕೊಂಡು, ಬಿದ್ದು ಬಿದ್ದು ನಗುತ್ತ, ಅದರ ಹಿಂದೆಯೇ ನಡೆದರು.